ಮಗಳ ಭಾಷಣಕ್ಕೆ ಸೇರಿಸಿದ ಆರು ಸಾಲು

ಕಳೆದ ತಿಂಗಳು ಆಫೀಸಿನ ಗೆಳತಿಯೊಬ್ಬಳು ಮನೆ ನೋಡಲು ಜೊತೆಗೆ ಬಾ ಎಂದಳು. ಬ್ರೋಕರ್ ಕಳಿಸಿದ ಲೊಕೇಶನ್ ಹಿಡಿದು ಹೋದರೆ ಕಾರು ನಿಂತದ್ದು ದೋಹಾದ ಅಲ್ ಅಜೀಜಿಯಾದಲ್ಲಿ ನಾವೇ ಏಳು ವರ್ಷ ಬಾಡಿಗೆಗಿದ್ದ ವಿಲ್ಲಾದ ಗೇಟಿನ ಮುಂದೆ. ಖಾಲಿಯಿದ್ದದ್ದು ಮಹಡಿಯ ಭಾಗ. ಅಂಗಳದಿಂದಲೇ ಮೇಲಕ್ಕೆ ಹತ್ತುವ ಸಿಮೆಂಟಿನ ಮೆಟ್ಟಿಲು, ಅದರ ಮೇಲೆ ಹನಿಹನಿಯಾಗಿ ಬೀಳುವ ಏಸಿ ನೀರು. ಬಿಸಿ ಸಿಮೆಂಟ್ ಒದ್ದೆಯಾದಾಗ ಬರುವ ಆ ವಾಸನೆ ಮೂಗಿಗೆ ಬಡಿಯುತ್ತಲೇ ನನಗೆ ಮೇಲೆ ಹೋಗಲಾಗಲಿಲ್ಲ. ಗೆಳತಿಯನ್ನು ಬ್ರೋಕರ್ ಜೊತೆ ಕಳಿಸಿ ನಾನು ಕೆಳಗೇ ನಿಂತೆ. ಆ ಮನೆಯಲ್ಲಿ ನಾವು ಕಳೆದ ಏಳು ವರ್ಷಗಳಲ್ಲಿ ಆರು ವರ್ಷ ಒಂದರಂತೆ ಇನ್ನೊಂದು ಇದ್ದವು. ಒಂದೇ ಒಂದು ಚಳಿಗಾಲ ಮಾತ್ರ ಬೇರೆ.

ಕತಾರಿನಲ್ಲಿ ದೊಡ್ಡ ವಿಲ್ಲಾಗಳಿಗೆ ನಡುವೆ ಗೋಡೆ ಎಬ್ಬಿಸಿ ನಾಲ್ಕೈದು ಮನೆ ಮಾಡಿ ಬಾಡಿಗೆಗೆ ಕೊಡುತ್ತಾರೆ. ನಾವಿದ್ದದ್ದು ಅಂಥದ್ದರಲ್ಲಿ ಕೆಳಗಿನ ಭಾಗದಲ್ಲಿ. ನನ್ನ ಗಂಡ ನಾಗೇಶ್ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಮರಳುವುದು ಸಂಜೆಯೇ. ನಾನು ಮೈಸೂರಿನಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು. ಇಲ್ಲಿ ಬಂದು ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದೆ. ನಕ್ಷೆಗಳಿಗೆ ನಂಬರು ಹಾಕುವುದು, ಹಳೆಯದನ್ನು ತೆಗೆದು ಹೊಸದನ್ನು ಇಡುವುದು, ಇಷ್ಟೇ ಕೆಲಸ. ನನ್ನೊಳಗಿನ ಮೇಷ್ಟ್ರಿಗೆ ಉಳಿದಿದ್ದ ಏಕೈಕ ವಿದ್ಯಾರ್ಥಿನಿ ನನ್ನ ಮಗಳು ಧೃತಿ. ಆ ವರ್ಷ ಅವಳು ಎಂಟನೇ ಕ್ಲಾಸು. ಮೂರು ವರ್ಷಗಳಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಕನ್ನಡ ಕಲಿಸುತ್ತಿದ್ದೆ. ಅವಳು ಗಡಿಯಾರ ನೋಡುತ್ತಾ ಕಲಿಯುತ್ತಿದ್ದಳು. ಹೊಸ ಶಬ್ದ ಬರೆದುಕೊಳ್ಳಲಿ ಎಂದು ನಾನು ಕೊಟ್ಟ ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತ್ತು, ಅದೂ ನನ್ನದೇ ಕೈಬರಹ.

ಸೆಪ್ಟೆಂಬರಿನಲ್ಲಿ ಮಹಡಿಗೆ ಲವೀನಾ ಬಂದಳು. ಇನ್ನೂ ಸೆಕೆ ಇಳಿದಿರಲಿಲ್ಲ. ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಕನ್ನಡಕ ಪೂರ್ತಿ ಮಂಜಾಗುವ ದಿನಗಳು. ಮಂಜಾದ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ನೋಡಿದರೆ, ಬಿಳಿ ಅಂಗಿಯ ಭುಜದ ಮೇಲೆ ಮೂರು ಚಿನ್ನದ ಪಟ್ಟಿ ಇದ್ದ ಎತ್ತರದ ಹುಡುಗಿಯೊಬ್ಬಳು ಎರಡು ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ವಯಸ್ಸು ಮೂವತ್ತಮೂರು, ಊರು ಉಡುಪಿಯ ಕಡೆ, ಮನೆಯಲ್ಲಿ ಕೊಂಕಣಿ, ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕೂತು ವಿಮಾನ ಹಾರಿಸುವವಳು. ಇದೆಲ್ಲ ನನಗೆ ಗೊತ್ತಾಗುವ ಮೊದಲೇ ಧೃತಿಗೆ ಗೊತ್ತಾಗಿತ್ತು. ಲವೀನಾಳ ಚಿಕ್ಕಪ್ಪ ಬೆನೆಡಿಕ್ಟ್ ಅವರು ಬಿನ್ ಮಹಮೂದಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದರು. ಅವರೇ ಈ ಮನೆ ಹುಡುಕಿ ಕೊಟ್ಟದ್ದು.

ಮೊದಲ ವಾರ ನಾನೇ ಬಿಸಿಬೇಳೆಬಾತ್ ಕಳಿಸಿದೆ. ಎರಡನೇ ವಾರದಿಂದ ಧೃತಿ ಶಾಲೆಯ ಬಸ್ಸಿಳಿದವಳು ಬ್ಯಾಗನ್ನು ನಮ್ಮ ಬಾಗಿಲಲ್ಲಿ ಎಸೆದು ಮೇಲೆ ಓಡತೊಡಗಿದಳು. ಲವೀನಾಗೆ ಎರಡು ಮೂರು ದಿನ ಹಾರಾಟ, ಆಮೇಲೆ ಎರಡು ದಿನ ರಜೆ. ರಜೆಯ ದಿನಗಳು ನನ್ನ ಮಗಳಿಗೆ ಬಾಯಿಪಾಠವಾಗಿದ್ದವು. ಮೇಲಿನಿಂದ ನಗು ಕೇಳಿಸುತ್ತಿತ್ತು. ಆಫೀಸಿನಿಂದ ಬಂದು ಒಬ್ಬಳೇ ಟೀ ಕುಡಿಯುತ್ತಾ ಆ ನಗುವನ್ನು ಕೇಳುತ್ತಾ ಕೂರುತ್ತಿದ್ದೆ. ಹುಡುಗಿಗೆ ವಿಶ್ರಾಂತಿ ಬೇಕು, ಸುಮ್ಮನೆ ತೊಂದರೆ ಕೊಡಬೇಡ ಎಂದು ಮಗಳಿಗೆ ಬುದ್ಧಿ ಹೇಳಿದೆ. ಅದು ಲವೀನಾಳ ಮೇಲಿನ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡೆ.

ಅಕ್ಟೋಬರಿನ ಮೊದಲಲ್ಲಿ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವದ ಕಾರ್ಯಕ್ರಮ ನಿಗದಿ ಮಾಡಿದರು. ಕಾರ್ಯದರ್ಶಿ ಚಂದ್ರಶೇಖರ್ ಅವರಿಗೆ ಮಹಿಳಾ ಪೈಲಟ್ ಒಬ್ಬರು ಕನ್ನಡದವರೇ ಇದ್ದಾರೆಂದು ಗೊತ್ತಾಗಿ, ಮುಖ್ಯ ಅತಿಥಿಯಾಗಿ ಅವಳೇ ಬರಬೇಕೆಂದು ಒಪ್ಪಿಸಿದರು. ಅದಕ್ಕೆ ಹೊಂದುವಂತೆ ಮಕ್ಕಳ ಚರ್ಚಾಸ್ಪರ್ಧೆಯ ವಿಷಯವನ್ನೂ ಇಟ್ಟರು: ವಿಮಾನ ಚಾಲಕರ ಕೈಗೆ ಬಂದೂಕು ಕೊಡಬೇಕೇ, ಬೇಡವೇ? ಪರವಾಗಿಯಾದರೂ ಸರಿ, ವಿರೋಧವಾಗಿಯಾದರೂ ಸರಿ, ಐದು ನಿಮಿಷ ಕನ್ನಡದಲ್ಲಿ ಮಾತಾಡಬೇಕು.

ಧೃತಿ ಬಂದೂಕು ಕೊಡಬೇಕು ಎಂಬ ಕಡೆ ಹೆಸರು ಕೊಟ್ಟು ಬಂದಳು. ನಾನು ಹಿಗ್ಗಿದೆ. ಎರಡು ವಾರ ಆಫೀಸಿನ ಊಟದ ಹೊತ್ತಿನಲ್ಲಿ ಕೂತು ನಾಲ್ಕು ಪುಟ ಬರೆದೆ. ಆಕಾಶದಲ್ಲಿ ಪೊಲೀಸ್ ಠಾಣೆ ಇಲ್ಲ, ಮುನ್ನೂರು ಜೀವಗಳಿಗೆ ಜವಾಬ್ದಾರನಾದವನ ಕೈಯನ್ನು ಬರಿದು ಮಾಡಿ ಕೂರಿಸುವುದು ಯಾವ ನ್ಯಾಯ, ಬ್ಯಾಂಕಿನ ಹಣ ಕಾಯುವವನಿಗೆ ಕೊಡುವ ಬಂದೂಕನ್ನು ಮನುಷ್ಯರನ್ನು ಕಾಯುವವನಿಗೆ ಏಕೆ ಕೊಡಬಾರದು, ಹೀಗೆಲ್ಲ. ಎಷ್ಟೋ ವರ್ಷಗಳ ನಂತರ ನನ್ನ ಕನ್ನಡಕ್ಕೊಂದು ಕೆಲಸ ಸಿಕ್ಕಿತ್ತು. ಬರೆದದ್ದನ್ನು ಜೋರಾಗಿ ಓದಿಕೊಂಡರೆ ನನಗೇ ಮೈ ಜುಮ್ಮೆನ್ನುತ್ತಿತ್ತು.

ಒಂದು ಗುರುವಾರ ಸಂಜೆ ಆ ಪುಟಗಳನ್ನು ಮೇಜಿನ ಮೇಲಿಟ್ಟು ಮಗಳಿಗಾಗಿ ಕಾದೆ. ಮೇಲಿನಿಂದ ಇಳಿದು ಬಂದವಳು ಅವುಗಳ ಕಡೆ ನೋಡಲೂ ಇಲ್ಲ.

"ಅಮ್ಮ, ನಾನು ಸೈಡ್ ಚೇಂಜ್ ಮಾಡ್ದೆ. ಚಂದ್ರಶೇಖರ್ ಅಂಕಲ್‌ಗೆ ಮೆಸೇಜೂ ಮಾಡಾಯ್ತು. ಗನ್ ಬೇಡ ಅನ್ನೋ ಸೈಡು."

ಯಾಕೆ ಎಂದು ಕೇಳಿದೆ. ಅವಳು ಉತ್ಸಾಹದಿಂದ ಹೇಳತೊಡಗಿದಳು. ಬ್ಯಾಂಕಿನ ಕಾವಲುಗಾರ ಬರೀ ಕಾಯುತ್ತಾನೆ, ಪೈಲಟ್ ಕಾಯುತ್ತಾ ಕೂತರೆ ವಿಮಾನ ಹಾರಿಸುವವರು ಯಾರು ಎಂದು ಲವೀನಾ ಆಂಟಿ ಕೇಳಿದರಂತೆ. ಬಂದೂಕು ಕೆಲಸಕ್ಕೆ ಬರುವುದು ಬಾಗಿಲು ತೆರೆದಾಗ. ಆದರೆ ಹೊರಗೆ ಏನೇ ಆದರೂ ಬಾಗಿಲು ತೆರೆಯಬಾರದು, ಆದಷ್ಟು ಬೇಗ ನೆಲಕ್ಕಿಳಿಸಬೇಕು, ಅದೇ ಅವರಿಗೆ ಕಲಿಸುವ ಮೊದಲ ಪಾಠವಂತೆ. ವಿಮಾನ ಇಳಿದ ಮೇಲೆ ಬೇರೆ ದೇಶದ ಹೋಟೆಲಿನಲ್ಲಿ ಮಲಗುವಾಗ ಆ ಬಂದೂಕನ್ನು ಎಲ್ಲಿಡುವುದು, ಯಾರು ಕಾಯುವುದು? ಹೇಳುತ್ತಾ ಹೇಳುತ್ತಾ ಅವಳು ಬಗಲಲ್ಲಿದ್ದ ನೋಟ್‌ಬುಕ್ ತೆರೆದಳು. ನಾನು ಕೊಟ್ಟದ್ದೇ ನೋಟ್‌ಬುಕ್. ನನ್ನ ಎರಡು ಪುಟದ ನಂತರ ಹನ್ನೊಂದು ಪುಟ ಅವಳ ಅಕ್ಷರದಲ್ಲಿ ತುಂಬಿತ್ತು. ಕಾಕ್‌ಪಿಟ್ ಎಂದರೆ ಚಾಲಕರ ಕೋಣೆ. ಪಕ್ಕದಲ್ಲಿ ಆವರಣ ಹಾಕಿ 'ಆಂಟಿ ಹೇಳಿದ್ದು'. ಚುಕ್ಕಾಣಿ, ರೆಕ್ಕೆ, ಇಳಿದಾಣ, ಎದುರುಗಾಳಿ. ಪ್ರತಿಯೊಂದರ ಮುಂದೆಯೂ ಆಂಟಿ ಹೇಳಿದ್ದು, ಆಂಟಿ ಹೇಳಿದ್ದು.

ಮೂರು ವರ್ಷ ನಾನು ಗಿಡಕ್ಕೆ ನೀರು ಹಾಕಿದ ಹಾಗೆ ಹಾಕಿದ್ದೆ. ಯಾರೋ ಬಂದು ಒಂದು ತಿಂಗಳು ಮಾತಾಡಿಸಿದ್ದಕ್ಕೆ ಹೂ ಬಿಟ್ಟಿತ್ತು. ಮೇಜಿನ ಮೇಲಿದ್ದ ನಾಲ್ಕು ಪುಟಗಳನ್ನು ಮಡಚಿ ಸೌಟುಗಳ ಡ್ರಾಯರಿನಲ್ಲಿಟ್ಟೆ. ರಾತ್ರಿ ಊಟಕ್ಕೆ ಬಡಿಸುವಾಗ ನಾಗೇಶ್, "ಯಾಕೆ ಮುಖ ಹಾಗಿದೆ? ಮಗು ಕನ್ನಡ ಕಲೀತಿದೆಯಲ್ಲ, ಯಾರಿಂದ ಆದ್ರೇನು," ಎಂದರು. ಯಾರಿಂದ ಎಂಬುದೇ ನನಗೆ ಮುಖ್ಯವಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಮಗಳ ಮನಸ್ಸು ಹೀಗೆ ಗಾಳಿ ಬಂದತ್ತ ತಿರುಗಬಾರದು, ಅದೇ ನನ್ನ ಚಿಂತೆ ಎಂದೆ.

ಮಾರನೇ ದಿನ ಶುಕ್ರವಾರ. ಅಪ್ಪ ಮಗಳು ಈಜಲು ಹೋಗಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಲವೀನಾ ಕೆಳಗಿಳಿದು ಬಂದಳು. ನಾನು ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವಳೂ ಎದುರಿಗೆ ಕೂತು ಒಂದು ಕಟ್ಟು ಎತ್ತಿಕೊಂಡಳು. ಮಗಳು ಪಕ್ಷ ಬದಲಿಸಿದ್ದು ತನ್ನಿಂದ, ನಾನು ಬರೆದದ್ದು ದಂಡವಾಯಿತೆಂದು ಕೇಳಿ ಬೇಜಾರಾಯಿತು ಎಂದು ಕ್ಷಮೆ ಕೇಳಲಿಕ್ಕೆ ಬಂದಿದ್ದಳು. ಅಯ್ಯೋ ಅದೇನು ದೊಡ್ಡ ವಿಷಯ ಎಂದು ನಾನು ನಕ್ಕೆ. ನನ್ನ ನಗು ಅವಳಿಗೆ ನಿಜವಾದದ್ದೇ ಅನಿಸಿರಬೇಕು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿ, ತಲೆ ಎತ್ತದೆ ಹೇಳಿದಳು.

"ಶೈಲಕ್ಕ, ಧೃತಿಗೆ ನಾನು ಹೇಳಿದ ಕಾರಣ ಎಲ್ಲ ಸರಿಯೇ. ಆದ್ರೆ ನನ್ನ ಸ್ವಂತ ಕಾರಣ ಬೇರೆ ಒಂದು ಉಂಟು. ಅದು ಮಕ್ಕಳಿಗೆ ಹೇಳುವಂಥದ್ದಲ್ಲ."

ನಾಲ್ಕು ವರ್ಷದ ಹಿಂದೆ ಅವಳು ಇಂಡಿಯಾದಲ್ಲಿ ಬೇರೊಂದು ಕಂಪನಿಯಲ್ಲಿದ್ದಾಗ ತಾಯಿ ತೀರಿಕೊಂಡರು. ಸುದ್ದಿ ಬಂದಾಗ ಅವಳು ಮೋಡದ ಮೇಲಿದ್ದಳು. ಇಳಿದು ಫೋನ್ ಹಚ್ಚಿದಾಗ ತಿಳಿಯಿತು. ಮಣ್ಣು ಮಾಡಿ ಬಂದು ಹತ್ತು ದಿನಕ್ಕೆ ಕೆಲಸಕ್ಕೆ ಸೇರಿದಳು. ಆಮೇಲೆ ನಿದ್ದೆ ಹೋಯಿತು. ಬಾಡಿಗೆ ಮನೆಯಲ್ಲಿ ಒಬ್ಬಳೇ. ಒಂದು ದಿನ ಈರುಳ್ಳಿ ಹೆಚ್ಚುತ್ತಿದ್ದವಳಿಗೆ ಕೈಯಲ್ಲಿದ್ದ ಚಾಕು ಕಂಡು ತನ್ನ ಬಗ್ಗೆಯೇ ಹೆದರಿಕೆಯಾಯಿತಂತೆ. ಅದನ್ನು ಕಪಾಟಿನ ಮೇಲೆ, ಕೈಗೆ ಸಿಗದ ಹಾಗೆ ಎಸೆದಳಂತೆ. ಮಾರನೇ ಬೆಳಿಗ್ಗೆ ತಾನಾಗಿಯೇ ಕಂಪನಿಯ ಡಾಕ್ಟರ ಹತ್ತಿರ ಹೋಗಿ ಕೂತು ಎಲ್ಲ ಹೇಳಿದಳು. ನಾಲ್ಕು ತಿಂಗಳು ಹಾರಾಟ ನಿಲ್ಲಿಸಿದರು, ಔಷಧಿ ಕೊಟ್ಟರು, ಗುಣವಾದ ಮೇಲೆ ಪರೀಕ್ಷೆ ಮಾಡಿ ಮತ್ತೆ ಸೀಟಿನಲ್ಲಿ ಕೂರಿಸಿದರು. ಇಲ್ಲಿ ಸೇರುವಾಗ ಈ ಕಂಪನಿಗೂ ಅದನ್ನು ಮುಚ್ಚಿಡದೆ ಹೇಳಿದ್ದಳು. ಗೊತ್ತಿಲ್ಲದ್ದು ಮನೆಯವರಿಗೆ ಮಾತ್ರ. ಆ ನಾಲ್ಕು ತಿಂಗಳು ಟ್ರೈನಿಂಗ್ ಎಂದು ಅಪ್ಪನಿಗೆ ಹೇಳಿದ್ದಳು. ಹೆಂಡತಿಯನ್ನು ಕಳೆದುಕೊಂಡವರಿಗೆ ಮಗಳ ಚಿಂತೆಯೂ ಬೇಡವೆಂದು.

"ಆ ದಿನಗಳಲ್ಲಿ ಡ್ಯೂಟಿಗೆ ಅಂತ ಒಂದು ಗನ್ ನನ್ನ ಬ್ಯಾಗಲ್ಲಿ ಕೊಟ್ಟಿದ್ರೆ ಎಂತ ಆಗ್ತಿತ್ತು ಅಂತ ಈಗ್ಲೂ ಯೋಚನೆ ಬರ್ತದೆ. ಗನ್ ಯಾರ ಕೈಯಲ್ಲಿ ಉಂಟೋ ಅವರಿಗೂ ಅಂಥ ಒಂದೊಂದು ದಿನ ಇರ್ತದಲ್ಲ ಅಕ್ಕ."

ನಾನು ಅವಳ ಕೈ ಹಿಡಿದುಕೊಂಡೆ. ಆ ಗಳಿಗೆಯಲ್ಲಿ ನನ್ನ ಮರುಕ ಸುಳ್ಳಲ್ಲ. ಆದರೆ ಆ ಮರುಕದ ಅಡಿಯಲ್ಲೇ ಇನ್ನೊಂದು ಇತ್ತು. ಭುಜದ ಮೇಲೆ ಮೂರು ಪಟ್ಟಿ ಹೊತ್ತು ನಡೆಯುವವಳೂ ಒಂದು ದಿನ ಚಾಕುವಿಗೆ ಹೆದರಿದ್ದಳು ಎಂದು ತಿಳಿದು ನನಗೆ ಒಂದು ಬಗೆಯ ಹಾಯೆನಿಸಿತ್ತು.

ಅಕ್ಟೋಬರಿನ ಕೊನೆಯಲ್ಲಿ ಹವೆ ಬದಲಾಯಿತು. ಒಂದು ಬೆಳಿಗ್ಗೆ ಏಸಿ ಆರಿಸಿ ಕಿಟಕಿ ತೆರೆದೆವು. ಅಂಗಳದ ಮರದ ಕೆಳಗೆ ಕುರ್ಚಿ ಹಾಕಿ ಕೂರುವಷ್ಟು ತಂಪು. ಆ ಕುರ್ಚಿಗಳಲ್ಲಿ ಧೃತಿ ಮತ್ತು ಲವೀನಾ ಎದುರುಬದುರು ಕೂತು ಭಾಷಣ ತಾಲೀಮು ಮಾಡುತ್ತಿದ್ದರು. ಬರೆಯುವ ಕೆಲಸ ಮಾತ್ರ ನನ್ನದು. ಅವರಿಬ್ಬರು ಹೇಳಿದ ವಿಚಾರಗಳನ್ನು ಶುದ್ಧ ಕನ್ನಡಕ್ಕೆ ತರುವ ಗುಮಾಸ್ತೆ ನಾನು. ಒಂದು ಸಂಜೆ ಮಗಳು ಲಿಫ್ಟಿನ ಸುದ್ದಿ ತೆಗೆದಳು. ನನಗೆ ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಭಯ. ಅದನ್ನು ನಗುತ್ತಾ ಹೇಳಿ, "ಲವೀನಾ ಆಂಟಿಗೆ ಯಾವುದಕ್ಕೂ ಭಯ ಇಲ್ಲ ಗೊತ್ತಾ? ನೀನೊಬ್ಳೇ ಅಮ್ಮ, ಎಲ್ಲಕ್ಕೂ ಹೆದರೋದು," ಎಂದಳು.

ತಮಾಷೆಗೆ ಅಂದ ಮಾತು. ನಾನೂ ನಕ್ಕೆ. ಅವಳು ಮಲಗಲು ಹೋದ ಮೇಲೆ ಭಾಷಣದ ಕೊನೆಯ ಪುಟ ತೆಗೆದುಕೊಂಡು ಆರು ಸಾಲು ಸೇರಿಸಿದೆ.

'ನನಗೆ ಗೊತ್ತಿರುವ ಒಬ್ಬ ಪೈಲಟ್, ತಾಯಿ ತೀರಿಕೊಂಡ ಮೇಲೆ ನಿದ್ದೆಯನ್ನೇ ಮಾಡಲಿಲ್ಲ. ತರಕಾರಿ ಹೆಚ್ಚುವ ಚಾಕುವನ್ನು ಕಂಡು ಹೆದರಿ ಅದನ್ನು ಕಪಾಟಿನ ಮೇಲೆ ಎಸೆದರು. ನಾಲ್ಕು ತಿಂಗಳು ಅವರನ್ನು ವಿಮಾನದ ಹತ್ತಿರಕ್ಕೂ ಬಿಡಲಿಲ್ಲ. ಆ ದಿನಗಳಲ್ಲಿ ಅವರ ಕೈಯಲ್ಲಿ ಬಂದೂಕು ಇದ್ದಿದ್ದರೆ? ಬಾಗಿಲಿನ ಹೊರಗಿರುವವರಿಗೆ ಮಾತ್ರ ನಾವು ಹೆದರಬೇಕೇ? ಒಳಗೆ ಕೂತವರೂ ಮನುಷ್ಯರೇ.'

ಹೆಸರು ಹಾಕಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ವಾದಕ್ಕೆ ಬೆನ್ನೆಲುಬು ಬಂತು, ಮಗಳು ಗೆಲ್ಲುತ್ತಾಳೆ ಎಂದುಕೊಂಡೆ. ಕತಾರಿನ ನಮ್ಮ ಕನ್ನಡಿಗರಲ್ಲಿ ಎಷ್ಟು ಜನ ಪೈಲಟ್‌ಗಳು, ಅವರಲ್ಲಿ ಹದಿಮೂರು ವರ್ಷದ ಧೃತಿಗೆ ಗೊತ್ತಿರುವವರು ಎಷ್ಟು ಎಂಬ ಲೆಕ್ಕ ನನಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಲವೀನಾ ತಾನಾಗಿಯೇ ಡಾಕ್ಟರ ಬಳಿ ಹೋದದ್ದನ್ನು ಬಿಟ್ಟು ಬರೆದದ್ದೂ ಮರೆವಿನಿಂದಲ್ಲ. ಬೆಳಿಗ್ಗೆ ಮಗಳು ಓದಿ, ಇದು ಯಾರಮ್ಮಾ ಎಂದಳು. ಎಲ್ಲೋ ಓದಿದ್ದು, ಭಾಷಣದಲ್ಲಿ 'ನನಗೆ ಗೊತ್ತಿರುವ' ಎಂದರೆ ಜನ ಗಮನ ಕೊಟ್ಟು ಕೇಳುತ್ತಾರೆ ಎಂದೆ. ಲವೀನಾ ಅಷ್ಟರಲ್ಲಿ ಎರಡು ದಿನದ ಹಾರಾಟಕ್ಕೆ ಹೋಗಿದ್ದಳು. ಹೊಸ ಸಾಲುಗಳು ಅವಳ ಕಿವಿಗೆ ಬೀಳುವ ಸಂಭವ ಇರಲಿಲ್ಲ.

ಕಾರ್ಯಕ್ರಮ ಶಾಲೆಯೊಂದರ ಸಭಾಂಗಣದಲ್ಲಿ, ಅವಳು ಮರಳಿದ ಮಾರನೇ ದಿನ, ಶುಕ್ರವಾರ ಸಂಜೆ. ಇನ್ನೂರು ಜನ ಇದ್ದಿರಬಹುದು. ಲವೀನಾ ಹಸಿರು ರೇಷ್ಮೆ ಸೀರೆ ಉಟ್ಟು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಸೀರೆಯ ನೆರಿಗೆ ಹಿಡಿದು ಕೊಟ್ಟವಳು ನಾನೇ. ಮುಂದಿನ ಸಾಲಿನಲ್ಲಿ ಬೆನೆಡಿಕ್ಟ್ ಅಂಕಲ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅಣ್ಣನ ಮಗಳ ಫೋಟೋ ತೆಗೆಯುತ್ತಿದ್ದರು.

ಧೃತಿ ಚೆನ್ನಾಗಿ ಮಾತಾಡಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಬ್ಯಾಂಕಿನ ಕಾವಲುಗಾರನ ಮಾತಿಗೆ ಸಭೆ ನಕ್ಕಿತು. ಲವೀನಾ ಹೆಮ್ಮೆಯಿಂದ ತಲೆದೂಗುತ್ತಿದ್ದಳು. ಆಮೇಲೆ ಆರು ಸಾಲು ಬಂದವು. ಚಾಕು ಎನ್ನುವಲ್ಲಿಗೆ ಲವೀನಾಳ ತಲೆದೂಗುವುದು ನಿಂತಿತು. ಅವಳು ಧೃತಿಯನ್ನು ನೋಡಲಿಲ್ಲ. ಸಭೆಯಲ್ಲಿ ಹುಡುಕಿ ನನ್ನನ್ನು ನೋಡಿದಳು. ಅಷ್ಟು ಹೊತ್ತಿಗೆ ಸಭೆಯೂ ಅವಳನ್ನು ನೋಡತೊಡಗಿತ್ತು, ಮೊದಲು ಒಬ್ಬರು, ಆಮೇಲೆ ಪಕ್ಕದವರು. ಬೆನೆಡಿಕ್ಟ್ ಅಂಕಲ್ ಫೋನನ್ನು ಮೆಲ್ಲಗೆ ಕೆಳಗಿಳಿಸಿದರು. ಧೃತಿ ನಮಸ್ಕಾರ ಮಾಡಿ ಇಳಿದಳು. ಚಪ್ಪಾಳೆ ಒಮ್ಮೆಗೇ ಬರಲಿಲ್ಲ, ಅಲ್ಲಲ್ಲಿ ಬಂತು.

ಬಹುಮಾನ ಧೃತಿಗೇ ಬಂತು. ಕೊನೆಗೆ ಮುಖ್ಯ ಅತಿಥಿಯ ಮಾತು. ಲವೀನಾ ಮೈಕಿನ ಮುಂದೆ ನಿಂತು ಬರೆದು ತಂದ ಚೀಟಿಯನ್ನು ಮಡಚಿ ಹಿಡಿದುಕೊಂಡಳು.

"ಧೃತಿ ಹೇಳಿದ ಆ ಪೈಲಟ್ ನನಗೂ ಗೊತ್ತುಂಟು," ಎಂದಳು. ದನಿ ನಡುಗಲಿಲ್ಲ. "ಅವರ ಕತೆಯಲ್ಲಿ ಒಂದು ವಿಷಯ ಬಿಟ್ಟು ಹೋಗಿದೆ, ಅದನ್ನು ಸೇರಿಸ್ತೇನೆ. ಅವರನ್ನು ಯಾರೂ ಹಿಡಿದು ನಿಲ್ಲಿಸಿದ್ದಲ್ಲ. ಅವರೇ ಹೋಗಿ, ನಾನು ಈಗ ಹಾರಿಸುವ ಸ್ಥಿತಿಯಲ್ಲಿ ಇಲ್ಲ ಅಂತ ಹೇಳಿದ್ದು. ಪೈಲಟ್‌ಗೆ ಬೇಕಾದದ್ದು ಗನ್ ಅಲ್ಲ, ಹಾಗೆ ಹೇಳುವ ಧೈರ್ಯ. ಹೇಳಿದವರನ್ನು ಕೇಳುವ ಜನ. ಅವರು ಗುಣ ಆದ್ರು. ನಿನ್ನೆ ಸಂಜೆ ಮುನ್ನೂರು ಜನರನ್ನು ಇಳಿಸಿ ಮನೆಗೆ ಬಂದು, ಇವತ್ತು ಸೀರೆ ಉಟ್ಟು ಇಲ್ಲಿಗೆ ಬಂದಿದ್ದಾರೆ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಹೊತ್ತಿನಲ್ಲೂ ನನ್ನೊಳಗೆ ಎದ್ದದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ. ನಾನು ಕೆಳಗೆಳೆಯಲು ಹೋದವಳು ಇನ್ನೂ ಎತ್ತರಕ್ಕೆ ಹೋಗಿ ನಿಂತಳಲ್ಲ ಎಂದು ಎದೆ ಉರಿಯುತ್ತಿತ್ತು.

ಕಾರಿನಲ್ಲಿ ಧೃತಿ ಬಹುಮಾನದ ಪೊಟ್ಟಣ ಬಿಚ್ಚಲಿಲ್ಲ. ಅದು ಆಂಟಿಯ ಕತೆ ಎಂದು ನಿನಗೆ ಗೊತ್ತಿತ್ತಾ ಎಂದು ಕೇಳಿದಳು. ಇಲ್ಲ, ಇಂಥವು ಎಷ್ಟೋ ಜನರ ಬಾಳಿನಲ್ಲಿ ಆಗಿರುತ್ತವೆ, ನಾನು ಓದಿದ್ದು ಕಾಕತಾಳೀಯವಾಗಿ ಹೊಂದಿರಬೇಕು ಎಂದೆ. ನಾಗೇಶ್ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಕಾರು ಓಡಿಸಿದರು. ಮಗಳು ನಂಬಿದಳು. ತಾಯಿ ಹೇಳಿದ್ದಲ್ಲವೇ?

ಚಪ್ಪಾಳೆಯ ಬಿಸಿ ಒಂದು ವಾರದಲ್ಲಿ ಆರಿತು. ಆಮೇಲೆ ಪಿಸುಮಾತು ಶುರುವಾಯಿತು. ಸಂಘದ ಒಬ್ಬಾಕೆ ನನಗೆ ಫೋನ್ ಮಾಡಿ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಟಿಕೆಟ್ ಆಗಿದೆ, ಆ ಹುಡುಗಿ ಯಾವ ರೂಟಿನಲ್ಲಿ ಹಾರುತ್ತಾಳೆ ಎಂದು ತಿಳಿದುಕೊಂಡು ಹೇಳುತ್ತೀರಾ ಎಂದು ಕೇಳಿದರು. ಇನ್ನೊಬ್ಬರು, ಅವಳಿಗೆ ಗಂಡು ನೋಡುತ್ತಿದ್ದರಲ್ಲ, ಇನ್ನು ಕಷ್ಟ ಎಂದರು. ಬೆನೆಡಿಕ್ಟ್ ಅಂಕಲ್ ಒಳ್ಳೆಯವರೇ. ಆದರೆ ಅಣ್ಣನಿಂದ ಮುಚ್ಚಿಡಲಾರದೆ ಊರಿಗೆ ಫೋನ್ ಮಾಡಿ ಹೇಳಿಬಿಟ್ಟರು. ಮಗಳು ಅಂಥ ದಿನಗಳಲ್ಲಿ ತನಗೆ ಸುಳ್ಳು ಹೇಳಿ ಒಬ್ಬಳೇ ಇದ್ದಳೆಂದು ತಿಳಿದು ಆ ತಂದೆ ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲವಂತೆ. ಐದನೆಯ ದಿನ ಫೋನ್ ಮಾಡಿ ಅತ್ತರಂತೆ.

ಲವೀನಾ ಕೆಳಗೆ ಬರುವುದನ್ನು ನಿಲ್ಲಿಸಿದಳು. ಗೇಟಿನಲ್ಲಿ ಎದುರಾದರೆ, "ಹೇಗಿದ್ದೀರಿ ಅಕ್ಕ," ಎಂದು ಹೋಗುತ್ತಿದ್ದಳು. ಆ ಅಕ್ಕ ಎಂಬ ಮಾತು ನನಗೆ ಹೊಡೆದ ಹಾಗಾಗುತ್ತಿತ್ತು. ಧೃತಿ ಮಾತ್ರ ಮೇಲೆ ಹೋಗುತ್ತಿದ್ದಳು, ಬೇಗ ಇಳಿದು ಬರುತ್ತಿದ್ದಳು. ನಗು ಕೇಳಿಸುತ್ತಿರಲಿಲ್ಲ. ಶುಕ್ರವಾರದ ಕನ್ನಡ ಪಾಠಕ್ಕೆ ಕೂತರೆ ಪುಟ ತಿರುಗಿಸುತ್ತಾ, ನನಗೆ ಇನ್ನು ಸ್ಟೇಜ್ ಬೇಡಮ್ಮ ಎಂದಳು. ನೋಟ್‌ಬುಕ್ ಎಲ್ಲಿ ಎಂದರೆ ಗೊತ್ತಿಲ್ಲ ಎಂದಳು. ಮಗಳನ್ನು ಮಹಡಿಯಿಂದ ಕೆಳಗಿಳಿಸಿಕೊಳ್ಳಬೇಕೆಂದಿದ್ದೆ. ಇಳಿದು ಬಂದಿದ್ದಳು. ಊಟದ ಮೇಜಿನಲ್ಲಿ ನನ್ನೆದುರು ಕೂತು ತಟ್ಟೆ ನೋಡುತ್ತಾ ಉಣ್ಣುತ್ತಿದ್ದಳು.

ಡಿಸೆಂಬರಿನ ಮಧ್ಯದಲ್ಲಿ ಮಳೆ ಬಂತು. ದೋಹಾದಲ್ಲಿ ಮಳೆ ಎಂದರೆ ಎರಡು ಗಂಟೆಯ ಸಂಭ್ರಮ, ಎರಡು ದಿನದ ಫಜೀತಿ. ಬೀದಿಯಲ್ಲಿ ನೀರು ನಿಂತು ಆಫೀಸಿಗೆ ರಜೆ ಕೊಟ್ಟರು. ಆ ಬೆಳಿಗ್ಗೆ ಮನೆ ನೋಡಿಕೊಳ್ಳುವ ಬಾಂಗ್ಲಾದ ರಫೀಕ್ ಅಂಗಳದ ನೀರು ಗುಡಿಸುತ್ತಾ, ಊಪರ್ ವಾಲಿ ಮೇಡಂ ಜನವರಿಗೆ ಖಲಾಸ್, ಮನೆ ಬಿಟ್ಟು ಏರ್‌ಪೋರ್ಟ್ ಹತ್ತಿರ ಹೋಗುತ್ತಾರೆ ಎಂದ. ನಾನು ಪೊರಕೆಯ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒದ್ದೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಆ ಮೂರು ತಿಂಗಳಲ್ಲಿ ನಾನು ಅವಳ ಮನೆಗೆ ಹೋದದ್ದು ಅದೇ ಮೊದಲು.

ಅವಳು ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ತಪ್ಪಾಯಿತು ಎಂದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ, ಮಗಳು ನಿನ್ನನ್ನು ಹಚ್ಚಿಕೊಂಡದ್ದು ಸಹಿಸಲಾಗಲಿಲ್ಲ, ಬೇಕೆಂದೇ ಬರೆದೆ ಎಂದೆ. ಇಷ್ಟನ್ನು ಹೇಳಲು ನನಗೆ ಎಷ್ಟೋ ಹೊತ್ತು ಹಿಡಿಯಿತು.

"ನೀವು ಹೊರಗೆ ಹೇಳಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಅಕ್ಕ," ಎಂದಳು ಕೊನೆಗೆ. "ಅಪ್ಪನಿಗೆ ಒಂದು ದಿನ ಹೇಳಲೇಬೇಕಿತ್ತು. ಆದ್ರೆ ಮಗುವಿನ ಬಾಯಲ್ಲಿ ಹೇಳಿಸಿದ್ರಲ್ಲ. ಅವಳು ನನ್ನ ಹತ್ರ ಮೂರು ಸಲ ಸಾರಿ ಕೇಳಿದ್ದಾಳೆ. ಮೂರು ಸಲವೂ ಅತ್ತಿದ್ದಾಳೆ. ನೀವು ಬಂದದ್ದು ಇವತ್ತು."

ನಾನು ಬೇಕೆಂದೇ ಬರೆದದ್ದೆಂದು ನೀನು ಅವಳಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ನಾನು ಹೇಗೆ ಹೇಳ್ಲಿಕ್ಕೆ ಆಗ್ತದೆ? ಅವಳಿಗೆ ನೀವು ಅಮ್ಮ."

ಕೆಳಗಿಳಿದು ಬಂದೆ. ಧೃತಿಗೂ ಶಾಲೆ ಇರಲಿಲ್ಲ. ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ: ಮೆಂತ್ಯ ಸೊಪ್ಪಿನ ಮಧ್ಯಾಹ್ನ, ಆರು ಸಾಲು, ಕಾರಿನಲ್ಲಿ ಆಡಿದ ಸುಳ್ಳು. ಕನ್ನಡ ಪಾಠ ಮಾಡುವ ನನಗೆ ವಾಕ್ಯ ಕೂಡಿಬರಲಿಲ್ಲ. ಯಾಕಮ್ಮಾ ಎಂದು ಕೇಳಿದಳು. ಹೊಟ್ಟೆಕಿಚ್ಚು ಎಂದೆ. ಅವಳಿಗೆ ಆ ಶಬ್ದ ಗೊತ್ತಿರಲಿಲ್ಲ. ಅರ್ಥ ಹೇಳಬೇಕಾಯಿತು. ಜೆಲಸ್ ಎಂದೆ. ಯಾರ ಮೇಲೆ ಎಂದಳು. ಹೇಳಿದೆ.

ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. ಬಹಳ ಹೊತ್ತು ನನ್ನನ್ನು ನೋಡಿದಳು, ಗುರುತು ಸಿಗದವರನ್ನು ನೋಡಿದ ಹಾಗೆ. "ನಾನು ಆಂಟಿಗೆ ಹೇಳಿದ ಸಾರಿ ಎಲ್ಲ ನೀನು ಹೇಳಬೇಕಿತ್ತು," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋದಳು. ಅವತ್ತು ಸಂಜೆಯವರೆಗೂ ಕೆಳಗೆ ಬರಲಿಲ್ಲ. ನಾನು ಕರೆಯಲಿಲ್ಲ.

ಜನವರಿಯ ಮೊದಲ ಶನಿವಾರ ಲವೀನಾಳ ಸಾಮಾನು ಹೊರಟಿತು. ಗಾಳಿ ಜೋರಾಗಿತ್ತು, ಧೂಳು ಎದ್ದು ಸೂರ್ಯ ಮಬ್ಬಾಗಿದ್ದ. ಧೃತಿ ಬೆಳಿಗ್ಗೆಯಿಂದ ಮೇಲೆಯೇ ಇದ್ದು ಡಬ್ಬಗಳಿಗೆ ಟೇಪ್ ಹಾಕುತ್ತಿದ್ದಳು. ಮೂರು ವಾರದಲ್ಲಿ ಅವಳು ನನ್ನೊಡನೆ ಮತ್ತೆ ಮಾತಾಡಲು ಶುರು ಮಾಡಿದ್ದಳು, ಆದರೆ ಬೇಕಾದಷ್ಟೇ. ನಾನು ಮೆಟ್ಟಿಲಿನ ಬುಡದಲ್ಲಿ ಹೋಗಲೋ ಬೇಡವೋ ಎಂದು ನಿಂತಿದ್ದೆ. ಲವೀನಾ ಸುತ್ತಿದ ಕಾರ್ಪೆಟ್ಟಿನ ಒಂದು ತುದಿ ಹಿಡಿದು ಬಾಗಿಲಿಗೆ ಬಂದಳು. ಅದು ಅವಳೊಬ್ಬಳಿಂದ ಆಗುವಂತಿರಲಿಲ್ಲ. ಕೆಳಗೆ ನನ್ನನ್ನು ಕಂಡಳು.

"ಅಕ್ಕ, ಆ ತುದಿ ಸ್ವಲ್ಪ ಹಿಡೀತೀರಾ?"

ಹತ್ತಿ ಹೋಗಿ ಹಿಡಿದೆ. ನಾನು ಹಿಂದೆ, ಅವಳು ಮುಂದೆ, ಒಂದೊಂದೇ ಮೆಟ್ಟಿಲು ಇಳಿದೆವು. ನಡುವೆ ಯಾವ ಮಾತೂ ಇರಲಿಲ್ಲ, ಬಲಕ್ಕೆ, ಮೆಲ್ಲಗೆ ಎನ್ನುವುದರ ಹೊರತು. ಅದು ಕ್ಷಮೆಯಲ್ಲ ಎಂದು ನನಗೆ ಗೊತ್ತಿತ್ತು. ಭಾರ ಹೊರಲು ಇನ್ನೊಂದು ಜೊತೆ ಕೈ ಬೇಕಿತ್ತು, ನಾನು ಅಲ್ಲಿದ್ದೆ, ಅಷ್ಟೇ. ಆದರೂ ಅವಳು ರಫೀಕನನ್ನು ಕರೆಯಬಹುದಿತ್ತು, ಕರೆಯಲಿಲ್ಲ.

ವ್ಯಾನು ತುಂಬಿದ ಮೇಲೆ ಧೃತಿ ಗೇಟಿನಲ್ಲಿ ಅವಳನ್ನು ತಬ್ಬಿಕೊಂಡಳು. ಎತ್ತರದ ಹುಡುಗಿಯ ಭುಜದಲ್ಲಿ ಮುಖ ಹುದುಗಿಸಿ ನಿಂತ ನನ್ನ ಮಗಳು ಎಷ್ಟು ಹೊತ್ತಾದರೂ ಬಿಡಲಿಲ್ಲ. ಅದನ್ನು ನೋಡುತ್ತಾ ನಿಂತ ನನಗೆ ಆಗಲೂ ಹೊಟ್ಟೆ ಉರಿಯಿತು, ಸೆಪ್ಟೆಂಬರಿನಲ್ಲಿ ಉರಿದ ಹಾಗೆಯೇ. ಅದನ್ನು ಕಾಳಜಿ ಎಂದು ಕರೆಯಲಿಲ್ಲ, ಮಗಳ ಚಿಂತೆ ಎಂದೂ ಕರೆಯಲಿಲ್ಲ. ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಅವರಿಬ್ಬರೂ ಸಾಕೆನ್ನುವವರೆಗೂ ಕಾದು ನಿಂತೆ.